ಕಾಬೂಲಿನ ಟ್ರಯಲ್ ಗಾಡಿ

ಹೊರಡುವ ಮೊದಲು

ರಾಣೆಬೆನ್ನೂರು ಕಡೆಯ ಕುಪ್ಪೇಲೂರು ದಾಟಿ ಇನ್ನೂ ಒಳಗೆ ಹೋದರೆ ನನ್ನ ಅಕ್ಕ ಗಂಗವ್ವನ ಊರು. ಊರಿನ ಹೆಸರು ಬರೆಯುವುದಿಲ್ಲ. ಯಾಕೆ ಎಂಬುದು ಕೊನೆಗೆ ನಿಮಗೇ ಗೊತ್ತಾಗುತ್ತದೆ. ಆ ಊರಿಗೆ ಮುಂಜಾನೆ ಒಂದು ಬಸ್ಸು ಬರುತ್ತಿತ್ತು. ಆ ವರ್ಷ ಚಳಿಗಾಲದಲ್ಲಿ ಅದನ್ನು ನಿಲ್ಲಿಸಿದರು. ಗಾಡಿಗಳು ಕಡಿಮೆ ಬಿದ್ದಿವೆ, ಜನ ಹೆಚ್ಚಿರುವ ಕಡೆಗೆ ಮೊದಲು ಎಂದು ಕಾರಣ ಹೇಳಿದರು. ಕಾರಣ ಸುಳ್ಳೇನಲ್ಲ. ನಾನು ಹಾವೇರಿ ಬಸ್ ಡಿಪೋದಲ್ಲೇ ಮೆಕ್ಯಾನಿಕ್ಕು, ಬ್ರೇಕಿನ ಕೆಲಸ ನನ್ನದು. ಮುದಿ ಗಾಡಿಗಳ ಮೈ ಸವರಿ, ಬೈದು, ಬೇಡಿಕೊಂಡು ದಿನಾ ರಸ್ತೆಗೆ ಕಳಿಸುವವನೇ ನಾನು.

ಅಕ್ಕನ ಮಗಳು ರೇಣುಕಾ ಏಳನೇ ಇಯತ್ತೆ ಮುಗಿಸುವವಳಿದ್ದಳು. ಎಂಟನೆಯದಕ್ಕೆ ಕುಪ್ಪೇಲೂರಿನ ಹೈಸ್ಕೂಲಿಗೆ ಬರಬೇಕು. ನಡುವೆ ಹಳ್ಳ, ಆಳೆತ್ತರದ ಗೋವಿನಜೋಳದ ಹೊಲ. ಗಂಡು ಹುಡುಗರು ಸೈಕಲ್ ತುಳಿದುಕೊಂಡು ಹೋಗುತ್ತಾರೆ. ಹುಡುಗಿಯರನ್ನು ನಡೆಸಿ ಕಳಿಸುವ ಧೈರ್ಯ ಆ ಊರಲ್ಲಿ ಯಾರಿಗೂ ಇಲ್ಲ.

"ನೋಡಪಾ ಚನ್ನಪ್ಪ," ಅಂದ ಅವಳಪ್ಪ, ನನ್ನ ಭಾವ ಫಕೀರಪ್ಪ. "ಜೂನ್‌ದಾಗ ಬಸ್ ಬಂತಂದ್ರ ಸಾಲಿ. ಇಲ್ಲಂದ್ರ ಹತ್ತಿ ಕ್ರಾಸಿಂಗಿಗೆ ಹಚ್ಚತೇನಿ. ಬೀಜದ ಕಂಪನಿ ಏಜಂಟ ಈಗಾಗಲೇ ಕೇಳಿ ಹೋಗ್ಯಾನ."

ಕ್ರಾಸಿಂಗ್ ಅಂದರೆ ಬೀಜದ ಹತ್ತಿಯ ಹೊಲದಲ್ಲಿ ಒಂದು ಹೂವಿನ ಪುಡಿಯನ್ನು ಇನ್ನೊಂದು ಹೂವಿಗೆ ಮುಟ್ಟಿಸಿ ತಳಿ ಕೂಡಿಸುವ ಕೆಲಸ. ಅದಕ್ಕೆ ಎಳೆ ಬೆರಳಿನ ಹುಡುಗಿಯರೇ ಬೇಕು. ರಾಣೆಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಅದಕ್ಕೆ ಇಳಿದ ಹುಡುಗಿ ತಿರುಗಿ ಸಾಲಿಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ರೇಣುಕಾ ಮಾತ್ರ ಹೆದರಿರಲಿಲ್ಲ. "ನಮ್ಮ ಮಾಮಾ ಡಿಪೋದಾಗ ಅದಾನ, ಬಸ್ ಬಿಡಸ್ತಾನ" ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದ್ದಳು. ಸ್ಪ್ಯಾನರ್ ಹಿಡಿಯುವವನಿಗೂ ಬಸ್ಸು ಬಿಡಿಸುವವನಿಗೂ ಎಷ್ಟು ದೂರ ಅಂತ ಆ ಮಗುವಿಗೆ ಏನು ಗೊತ್ತು. ನಾನು ಮೂರು ಸಲ ಅರ್ಜಿ ಹಿಡಿದು ಡಿಪೋ ಸಾಹೇಬರ ಬಾಗಿಲಿಗೆ ಹೋಗಿ ಬಂದಿದ್ದೆ.

ನಾಲ್ಕನೇ ಸಲ ಸಾಹೇಬರೇ ಕರೆದರು. ಬಸ್ಸು ಬಂತು ಅಂತ ಓಡಿದೆ. ಬಸ್ಸಲ್ಲ, ಕಾಬೂಲಿಗೆ ಹೋಗುವ ಆರ್ಡರು. ತಾಲಿಬಾನಿಗಳು ಹೋದ ಮೇಲೆ ಅಲ್ಲಿಗೆ ನಮ್ಮ ದೇಶ ಹೊಸ ಬಸ್ಸುಗಳನ್ನು ಕೊಟ್ಟಿದೆ, ಅಲ್ಲಿಯ ಮಿಸ್ತ್ರಿಗಳಿಗೆ ಬ್ರೇಕಿನ ಕೆಲಸ ಕಲಿಸಲು ಹಿಂದಿ ಬರುವ ಒಬ್ಬ ಮೆಕ್ಯಾನಿಕ್ ಬೇಕು ಎಂದರು.

ಭಾವನಿಗೆ ಹೇಳಿದರೆ ಅವನು ಎಲೆ-ಅಡಿಕೆ ಉಗುಳಿ ಬಂದು ನಕ್ಕ. "ನಮಗ ಇಲ್ಲದ ಬಸ್ಸು ಅವರಿಗೆಲ್ಲಿಂದ ಬಂತಪಾ?" ಎಂದ. ನಾನೂ ನಕ್ಕೆ, ಆದರೆ ಹೊಟ್ಟೆಯೊಳಗೆ ಉರಿಯಿತು. ಆ ಉರಿ ಹೊತ್ತುಕೊಂಡೇ ವಿಮಾನ ಹತ್ತಿದೆ. ಚೀಲದಲ್ಲಿ ಗಂಗವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಡಗಿ ಮೆಣಸಿನ ಖಾರದಪುಡಿ. ಹೆಗಲ ಮೇಲೆ ಗುತ್ತಲ ಸಂತೆಯ ಟವೆಲು.

ವಿಮಾನದಲ್ಲಿ

ದೆಹಲಿಯಿಂದ ನನ್ನ ಜೊತೆ ಬಂದ ಸಾಹೇಬರು ಒಳ್ಳೆಯವರು. ಸೀಟಿನ ಬೆಲ್ಟು ಕಟ್ಟಲು ಬಾರದೆ ನಾನು ಅದನ್ನು ಉಡದಾರದ ಹಾಗೆ ಗಂಟು ಹಾಕಿಕೊಂಡಿದ್ದನ್ನು ಕಂಡು, ನಗದೆ ಬಿಡಿಸಿ ಸರಿಮಾಡಿದರು. ಆ ಧೈರ್ಯದ ಮೇಲೆ ಕೇಳಿಯೇ ಬಿಟ್ಟೆ, ನಮ್ಮ ಹಳ್ಳಿಗಳಿಗೇ ಬಸ್ಸಿಲ್ಲದಾಗ ಬೇರೆಯವರಿಗೆ ಕೊಡುವುದು ಹೇಗೆ ಎಂದು.

ಅವರು ಸಮಾಧಾನದಿಂದ ಹೇಳಿದರು. ಹೊರದೇಶಕ್ಕೆ ಕೊಡುವುದು ದೆಹಲಿಯ ಒಂದು ಖಾತೆಯಿಂದ, ನಿಮ್ಮ ಹಳ್ಳಿಯ ಬಸ್ಸು ನಿಮ್ಮ ರಾಜ್ಯದ ಇನ್ನೊಂದು ಖಾತೆಯಿಂದ. ಕಾಬೂಲಿಗೆ ಕೊಡದಿದ್ದರೆ ಅದು ನಿಮ್ಮೂರಿಗೆ ಬರುತ್ತಿತ್ತು ಎಂದು ತಿಳಿಯಬೇಡಿ. ನೆರೆಹೊರೆಯವರು ನೆಟ್ಟಗಿದ್ದರೆ ನಮಗೂ ಒಳ್ಳೆಯದು.

ಮಾತು ಸರಿಯಾಗಿತ್ತು, ತಪ್ಪು ಹುಡುಕಲು ನನಗೆ ಆಗಲಿಲ್ಲ. ಆದರೆ ಸಮಾಧಾನವೂ ಆಗಲಿಲ್ಲ. ಎರಡು ಖಾತೆ ಇರಬಹುದು, ರೇಣುಕಾ ಒಬ್ಬಳೇ. ಇದನ್ನು ಹಿಂದಿಯಲ್ಲಿ ಹೇಗೆ ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಕೆಳಗೆ ಬರೀ ಬೋಳು ಗುಡ್ಡ. ಬೇಸಿಗೆಯಲ್ಲಿ ನಮ್ಮ ಕಡೆಯ ಗುಡ್ಡಗಳೂ ಬೋಳೇ, ಆದರೆ ಇವುಗಳ ತಲೆಯ ಮೇಲೆ ಹಿಮವಿತ್ತು.

ಕಾಬೂಲಿನ ಬಸ್ ನಿಲ್ದಾಣ

ಕಾಬೂಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಧೂಳು, ಆಮೇಲೆ ರೊಟ್ಟಿ. ಒಂದು ಮೊಳ ಉದ್ದದ ರೊಟ್ಟಿ. ಕಾಗದವಿಲ್ಲ, ಚೀಲವಿಲ್ಲ, ಜನ ಅದನ್ನು ಬಗಲಲ್ಲಿ ಇಟ್ಟುಕೊಂಡು ನಡೆಯುತ್ತಾರೆ. ಎದುರಾದವರು ಎದೆಯ ಮೇಲೆ ಕೈಯಿಟ್ಟು ಚೆನ್ನಾಗಿದ್ದೀರಾ, ಮನೆ ಚೆನ್ನಾಗಿದೆಯಾ, ಮೈ ಚೆನ್ನಾಗಿದೆಯಾ ಎಂದು ಒಂದೇ ಉಸಿರಿಗೆ ಕೇಳುತ್ತಾರೆ. ಇಬ್ಬರೂ ಒಟ್ಟಿಗೇ ಕೇಳುತ್ತಿರುತ್ತಾರೆ, ಉತ್ತರ ಹೇಳುವವರು ಯಾರೂ ಇಲ್ಲ. ಊರಲ್ಲಿ "ಊಟ ಆತೇನ್ರಿ" ಅನ್ನುವ ನಮಗೆ ಇದು ಹೊಸದಲ್ಲ.

ಮೊದಲ ದಿನವೇ ನನ್ನಿಂದ ಒಂದು ಫಜೀತಿಯಾಯಿತು. ನಮ್ಮ ಬಸ್ಸುಗಳು ಹೇಗೆ ಓಡುತ್ತಿವೆ ನೋಡೋಣ ಎಂದು ಪೇಟೆಯ ನಿಲ್ದಾಣಕ್ಕೆ ಹೋದೆ. ಬಸ್ಸು ಬಂತು. ಎರಡೂ ದೇಶದ ಬಾವುಟ ಬರೆದ, ಇನ್ನೂ ಬಣ್ಣದ ವಾಸನೆ ಬರುವ ಗಾಡಿ. ಜನ ನುಗ್ಗಿದರು. ನನಗೂ ಊರಿನ ಚಟ ಎದ್ದಿತು. ಬಸ್ಸಿನ ಎಡಕ್ಕೆ ಓಡಿದೆ. ಅಲ್ಲಿ ಬಾಗಿಲೇ ಇಲ್ಲ! ಆ ದೇಶದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುತ್ತವೆ, ಬಾಗಿಲೂ ಬಲಕ್ಕೆ. ಇನ್ನು ಸುತ್ತಿ ಹೋಗುವುದರೊಳಗೆ ಸೀಟು ಹೋಯಿತು ಎಂದುಕೊಂಡು, ಹಾವೇರಿ ಸ್ಟ್ಯಾಂಡಿನಲ್ಲಿ ಮಾಡುವ ಹಾಗೆ ಕಿಟಕಿಯೊಳಗೆ ಟವೆಲು ಒಗೆದೆ.

ನಮ್ಮಲ್ಲಿ ಟವೆಲು ಬಿದ್ದ ಸೀಟು ಟವೆಲಿನವನದು, ಕೋರ್ಟಿಗೂ ಕೇಳಬೇಕಾಗಿಲ್ಲ. ಕಾಬೂಲಿನಲ್ಲಿ ಆ ಕಾಯಿದೆ ಇಲ್ಲ. ಮೇಲಾಗಿ ಅದು ಮುಂದಿನ ಭಾಗ, ಹೆಂಗಸರದು. ಒಳಗೆ ಯಾರೋ ಕಿರುಚಿದರು, ಗಂಡಸರು ತಿರುಗಿ ನೋಡಿದರು. ನಾನು ಎದೆಯ ಮೇಲೆ ಕೈಯಿಟ್ಟು ಎಷ್ಟು ಸಲ ಬಾಗಿದೆನೋ. ನಡುವಯಸ್ಸಿನ ಒಬ್ಬ ಹೆಂಗಸು ಕಿಟಕಿಯಿಂದ ನನ್ನನ್ನು ದಿಟ್ಟಿಸಿ ನೋಡಿದಳು. ಅಷ್ಟರಲ್ಲಿ ಬಸ್ಸು ಹೊರಟಿತು, ಟವೆಲೂ ಹೋಯಿತು.

ಗ್ಯಾರೇಜು

ಅಲ್ಲಿಯ ಡಿಪೋದ ಒಂದು ಬದಿಗೆ ಲಡಾಯಿಯಲ್ಲಿ ಸುಟ್ಟ ಹಳೆ ಬಸ್ಸುಗಳ ಅಸ್ಥಿ, ಇನ್ನೊಂದು ಬದಿಗೆ ನಮ್ಮ ಹೊಸ ಗಾಡಿಗಳು. ನನ್ನ ಹತ್ತಿರ ಕಲಿಯುವವರಲ್ಲಿ ಹಿರಿಯ ನೂರ್ ಆಗಾ. ಗಡ್ಡ ಅರ್ಧ ಬಿಳಿ. ಲಡಾಯಿಯ ಕಾಲಕ್ಕೆ ಪೇಶಾವರದ ಗ್ಯಾರೇಜುಗಳಲ್ಲಿ ದುಡಿದು ಉರ್ದು ಕಲಿತವನು. ಅವನ ಉರ್ದುವಿಗೆ ನನ್ನ ಹಾವೇರಿ ಹಿಂದಿ ಸರಿಯಾಗಿ ಕೂತಿತು. ಹಾಗಾಗಿ ಅವನ ಮಾತನ್ನು ನಾನು ನನ್ನ ಊರಿನ ಮಾತಿನಲ್ಲೇ ಬರೆಯುತ್ತೇನೆ. ನನಗೆ ಅದು ಕೇಳಿಸಿದ್ದೂ ಹಾಗೆಯೇ.

ಮಧ್ಯಾಹ್ನ ನಾನು ಖಾರದಪುಡಿ ತೆಗೆದರೆ ಅದರ ಕೆಂಪು ಕಂಡು ನೂರ್ ಹಿಂದೆ ಸರಿದ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ ಕಾದು, ಏನೂ ಆಗದಿದ್ದಾಗ ನನ್ನ ಬೆನ್ನಿಗೆ ಗುದ್ದಿದ. ಅಂದಿನಿಂದ ಅವನ ಕುರಿಮಾಂಸದ ಅನ್ನಕ್ಕೆ ನನ್ನ ಪುಡಿ ಬೀಳತೊಡಗಿತು.

ಕೆಲಸ ಬಲ್ಲವನೇ. ಒಂದು ವಿಷಯಕ್ಕೆ ಮಾತ್ರ ನಾನು ಗಟ್ಟಿಯಾಗಿ ಹೇಳಿದೆ: ಬ್ರೇಕು ಬಿಚ್ಚಿ ಕಟ್ಟಿದ ಗಾಡಿಯನ್ನು ಟ್ರಯಲ್ ನೋಡದೆ ರೂಟಿಗೆ ಬಿಡಬಾರದು. ನಮ್ಮಲ್ಲಿ ಟ್ರಯಲ್ ಅಂದರೆ ಹೆದ್ದಾರಿ ಹಿಡಿದು ಮೋಟೆಬೆನ್ನೂರಿನ ತನಕ ಹೋಗಿ, ಚಹಾ ಕುಡಿದು, ತಿರುಗಿ ಬರುವುದು. ಭಾರ ಬೇಕಾದರೆ ಉಸುಕಿನ ಚೀಲ ಹಾಕುತ್ತೇವೆ. ಕಂಡಕ್ಟರ್ ಇಲ್ಲ, ಟಿಕೀಟಿಲ್ಲ, ಒಂದು ನರಪಿಳ್ಳೆಯನ್ನೂ ಹತ್ತಿಸುವಂತಿಲ್ಲ. ನೂರ್ ತಲೆಯಾಡಿಸಿದ. "ಟ್ರಯಲ್ ನನಗ ಬಿಡ್ರಿ ಉಸ್ತಾದ್, ಮುಂಜಾನೆ ಮುಂಜಾನೆ ನಾನ ಮಾಡಕೊಂಡ ಬರ್ತೇನಿ" ಎಂದ.

ಎಷ್ಟು ನಿಯತ್ತಿನ ಮನುಷ್ಯ ಅಂದುಕೊಂಡೆ.

ಊರಿಗೆ ಫೋನು

ಒಂದು ಸಂಜೆ ಅಕ್ಕನ ಪಕ್ಕದ ಮನೆಗೆ ಫೋನು ಹಚ್ಚಿದೆ. ಗಂಗವ್ವ ಓಡಿಬಂದ ಏದುಸಿರು ಕೇಳಿಸಿತು.

"ಚನ್ನಪ್ಪ, ಆರಾಮ ಅದಿಯೇನೋ? ಅಲ್ಲಿ ಬಾಂಬು ಗೀಂಬು ಇಲ್ಲಲ್ಲ?"

"ಇಲ್ಲ ಬೇ, ಆರಾಮ ಅದೇನಿ. ರೇಣುಕಾ ಹ್ಯಾಂಗದಾಳ?"

"ಏಜಂಟ ಮತ್ತ ಬಂದಿದ್ದ. ಕೈ ತೋರಸು ಅಂದ, ಆಕೀ ಬೆರಳ ನೋಡಿದ. ಭಾಳ ಚಲೋ ಅದಾವ ಅಂದ. ನಿಮ್ಮ ಭಾವ ಹೂಂ ಅನ್ನೂದೊಂದ ಬಾಕಿ. ಬಸ್ಸಿಂದೇನಾರ ಆತೇನೋ?"

ಎತ್ತಿನ ಹಲ್ಲು ನೋಡುವ ಹಾಗೆ ಬೆರಳು ನೋಡಿದನಂತೆ. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಫೋನಿನ ಅಂಗಡಿಯಿಂದ ಹೊರಗೆ ಬಂದರೆ ಬೀದಿಯಲ್ಲಿ ಒಂದರ ಹಿಂದೊಂದು ಬಾವುಟದ ಬಸ್ಸು. ಜನ ನನ್ನ ಮುಖ ಗುರುತಿಸಿ "ಹಿಂದೂಸ್ತಾನ್! ಹಿಂದೂಸ್ತಾನ್!" ಎಂದು ಕೈ ಬೀಸುತ್ತಾರೆ, ಸಿನಿಮಾ ಹಾಡು ಗುನುಗುತ್ತಾರೆ. ಪ್ರೀತಿಯೇ ಅದು. ನಾನು ತಲೆ ತಗ್ಗಿಸಿಕೊಂಡು ನಡೆದೆ. ಬಸ್ಸಿನ ಮೇಲೆ ಸಿಟ್ಟು ಮಾಡುವ ಮೆಕ್ಯಾನಿಕ್ಕನನ್ನು ಎಲ್ಲಾದರೂ ಕಂಡಿದ್ದೀರಾ? ನನಗೆ ಅಂದು ಆ ಹೊಸ ಗಾಡಿಗಳನ್ನೆಲ್ಲ ಒದೆಯಬೇಕು ಅನಿಸಿತ್ತು.

ಟವೆಲು ತಿರುಗಿ ಬಂತು

ಕೆಲವು ದಿನ ಬಿಟ್ಟು ನೂರ್ ಒಂದು ಗಂಟು ತಂದು ನನ್ನ ಮುಂದಿಟ್ಟ. ಒಗೆದು, ಮಡಿಚಿದ ನನ್ನ ಗುತ್ತಲದ ಟವೆಲು.

"ಸಾಲಿ ಬಾಯಾರು ಕೊಟ್ಟರು ಉಸ್ತಾದ್. ಹೆಂಗಸರ ಸೀಟಿಗೆ ಅರಿವಿ ಒಗಿಯೂ ಮನಷ್ಯಾ ಹೊರಗಿನಾಂವ ಇರಬೇಕು, ನಿಮ್ಮ ಹಿಂದೂಸ್ತಾನಿ ಉಸ್ತಾದಗ ಕೇಳ್ರಿ ಅಂದ್ರು."

ಶಾಲೆಯ ಶಿಕ್ಷಕಿಯ ಮುಂದೆ ಹೀಗಾಯಿತಲ್ಲ ಎಂದು ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಆಮೇಲೆ ತಲೆಗೆ ಹೊಳೆಯಿತು. ನೂರ್ ಇರುವುದು ಗ್ಯಾರೇಜಿನ ಹಿಂದೆಯೇ. ಬಸ್ಸು ಹತ್ತಿ ಎಲ್ಲಿಗೂ ಹೋಗುವವನಲ್ಲ.

"ಬಾಯಾರು ನಿನಗೆಲ್ಲಿ ಸಿಕ್ಕರು?"

ಅವನು ಗಡ್ಡ ತುರಿಸಿಕೊಂಡ. "ಟ್ರಯಲ್ ಗಾಡ್ಯಾಗ."

ಮರುದಿನ ಮುಂಜಾನೆ ನಾನೂ ಹತ್ತಿ ಕುಳಿತೆ. ಒಂದು ಸುತ್ತು ಖಾಲಿ ಓಡಿಸಿ, ಬ್ರೇಕು ನಾಲ್ಕು ಸಲ ಒತ್ತಿ ನೋಡಿ, ಅವನು ಗಾಡಿಯನ್ನು ಊರಾಚೆಯ ಗುಡ್ಡದ ಬುಡಕ್ಕೆ ತಂದ. ಗುಡ್ಡದ ಮೈತುಂಬ ಮಣ್ಣಿನ ಮನೆಗಳು, ಒಂದರ ಮಾಳಿಗೆ ಇನ್ನೊಂದರ ಅಂಗಳ. ಅಲ್ಲಿ ಕಪ್ಪು ಅಂಗಿ, ಬಿಳಿ ತಲೆವಸ್ತ್ರದ ಹುಡುಗಿಯರು ಗುಂಪುಗೂಡಿ ನಿಂತಿದ್ದರು. ಜೊತೆಗೆ ಆ ದಿನ ಕಿಟಕಿಯಿಂದ ನನ್ನನ್ನು ದಿಟ್ಟಿಸಿದ್ದ ಶಿಕ್ಷಕಿ. ಬಾಗಿಲು ತೆರೆದದ್ದೇ ತಡ, ಗಾಡಿ ತುಂಬಿತು.

ನನಗೆ ತಡೆಯಲಾಗಲಿಲ್ಲ. "ಯಾರ ಪರ್ಮಿಷನ್ ಕೊಟ್ಟರು ನಿನಗ?"

"ಯಾರಿಗೂ ಕೇಳಿಲ್ಲ. ಖಾಲಿ ಗಾಡಿ ಸುಳ್ಳ ಹೇಳತೈತಿ ಉಸ್ತಾದ್. ಲೋಡ್ ಇದ್ದರ ಖರೇ ಗೊತ್ತಾಗತೈತಿ."

"ಲೋಡ್ ಬೇಕಂದ್ರ ಉಸುಕಿನ ಚೀಲ ಹಾಕು!"

"ಉಸುಕಿನ ಚೀಲ ಸಾಲಿಗೆ ಹೋಗೂದಿಲ್ಲಲ್ಲ."

ಆಗ ನನ್ನ ಬಾಯಿಂದ ಕನ್ನಡವೇ ಹೊರಬಿತ್ತು. ನಮ್ಮ ಹುಡುಗಿ ಅಲ್ಲಿ ಹತ್ತಿ ಹೊಲಕ್ಕೆ ಹೊರಟಾಳ, ನೀವಿಲ್ಲಿ ನಮ್ಮ ಗಾಡ್ಯಾಗ ಮೆರವಣಿಗಿ ಹೊಂಟೀರಿ ಎಂದೇನೋ ಕೂಗಿದೆ. ಒಬ್ಬರಿಗೂ ತಿಳಿಯಲಿಲ್ಲ. ಆದರೆ ಸಿಟ್ಟು ಎಲ್ಲ ಭಾಷೆಯಲ್ಲೂ ತಿಳಿಯುತ್ತದೆ, ಹುಡುಗಿಯರ ಗಲಾಟೆ ನಿಂತಿತು. ಮುಂದಿನ ಸೀಟಿನ ಒಬ್ಬಳು ಪುಸ್ತಕವನ್ನು ಎದೆಗೆ ಅವಚಿಕೊಂಡು ಇಳಿಯಲು ಎದ್ದಳು. ರೇಣುಕಾಳಷ್ಟೇ ಎತ್ತರ. ಅವಳ ಮುಖ ನೋಡಿ ನನಗೆ ಎಷ್ಟು ಕೆಡುಕೆನಿಸಿತೆಂದರೆ, ನಾನೇ ಕೈಮಾಡಿ ಕೂರಿಸಿದೆ. "ಬೈಠೋ ಬೇಟಿ, ಬೈಠೋ."

ಚಹಾ

ಅವರನ್ನು ಶಾಲೆಯ ಮುಂದೆ ಇಳಿಸಿದ ಮೇಲೆ ನೂರ್ ಗಾಡಿಯನ್ನು ಒಂದು ಚಹಾದಂಗಡಿಗೆ ತಂದ. ಅಲ್ಲಿಯ ಚಹಾಕ್ಕೆ ಹಾಲಿಲ್ಲ, ಹಸಿರು ನೀರು, ಸಕ್ಕರೆ ಸುತ್ತಿದ ಬಾದಾಮಿ ಕಚ್ಚಿಕೊಂಡು ಕುಡಿಯಬೇಕು. ನಾನು ರೇಣುಕಾಳ ಕಥೆ ಹೇಳಿದೆ. ಅವನು ಬಟ್ಟಲು ಕೆಳಗಿಟ್ಟ.

"ನಿಮ್ಮಲ್ಲೇ ಇಲ್ಲಾ? ಇಲ್ಲದವರು ಹ್ಯಾಂಗ ಕೊಟ್ಟರಿ?"

"ಕೊಟ್ಟಾಂವ ನಾನಲ್ಲ. ನನ್ನನ್ನ ಯಾರೂ ಕೇಳಲಿಲ್ಲ."

"ನಮ್ಮನ್ನೂ ಯಾರೂ ಕೇಳಲಿಲ್ಲ ಉಸ್ತಾದ್," ಎಂದ ನೂರ್. "ಕೇಳಿದ್ದರ ಆ ಗುಡ್ಡಕ್ಕೊಂದು ಗಾಡಿ ಅಂತಿದ್ವಿ. ಬಂದ ಗಾಡಿ ಎಲ್ಲಾ ಪ್ಯಾಟಿಯೊಳಗ ಅದಾವ. ಗುಡ್ಡದ ಮಂದಿಗೆ ರೂಟ್ ಇಲ್ಲ, ಗಾಡಿ ಕಡಿಮಿ ಅದಾವ ಅಂತಾರ."

ನಮ್ಮ ಡಿಪೋ ಸಾಹೇಬರ ಮಾತು, ಅಕ್ಷರ ತಪ್ಪಿಲ್ಲ. ನನಗೆ ನಗು ಬಂತು, ಅಳುವೂ ಬಂತು.

ನೂರ್ ಚಹಾದಲ್ಲಿ ಬೆರಳು ಅದ್ದಿ ಹಲಗೆಯ ಮೇಲೆ ಗೆರೆ ಎಳೆದ. ಇದು ಕಾಬೂಲ್, ಇದು ಪೇಶಾವರ, ಇದು ಲಾಹೋರ್. ಇಲ್ಲಿಂದ ಮುಂದೆ ನಿಮ್ಮದು, ನೀವೇ ಎಳೀರಿ ಎಂದ. ನಾನು ದೆಹಲಿ ಎಳೆದೆ, ಪುಣೆ ಎಳೆದೆ, ಹುಬ್ಬಳ್ಳಿ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು, ಕುಪ್ಪೇಲೂರು. "ಒಂದು ಗಾಡಿ ಹೊಡಕೊಂಡ ಹೋಗ್ರಿ. ಕೇಳಿದರ ಟ್ರಯಲ್‌ಗೆ ಹೋಗೇತಿ ಅಂತೇನಿ" ಎಂದ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಗೆರೆ ಅಷ್ಟರಲ್ಲೇ ಒಣಗುತ್ತಿತ್ತು.

ಆ ಹುಡುಗಿಯರಿಗೆ ಬಸ್ಸು ಬೇಡವೆಂದು ಹೇಳುವಷ್ಟು ನನ್ನ ಮನಸ್ಸು ಕಲ್ಲಾಗಲಿಲ್ಲ. ನನ್ನ ಹುಡುಗಿಗೆ ಇಲ್ಲವೆಂಬುದನ್ನು ಮರೆಯುವಷ್ಟು ದೊಡ್ಡದೂ ಆಗಲಿಲ್ಲ. ಉಳಿದ ದಿನಗಳಲ್ಲಿ ಟ್ರಯಲ್ ಗಾಡಿಯ ಬ್ರೇಕನ್ನು ನಾನೇ ಕಟ್ಟಿದೆ, ಎರಡು ಸಲ ನೋಡಿ ಕಟ್ಟಿದೆ. ಹೊರಡುವ ದಿನ ನೂರ್‌ಗೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಉಳಿದ ಖಾರದಪುಡಿಯನ್ನು ಆ ಟವೆಲಿನಲ್ಲಿ ಕಟ್ಟಿ ಕೊಟ್ಟುಬಂದೆ.

ಕುಪ್ಪೇಲೂರಿನಾಚೆ

ಊರಿಗೆ ಬಂದಾಗ ಮಳೆ ಹಿಡಿದಿತ್ತು, ಶಾಲೆಗಳು ತೆರೆದಿದ್ದವು. ಭಾವ ಏಜಂಟನಿಗೆ ಇನ್ನೂ ಹೂಂ ಅಂದಿರಲಿಲ್ಲ. ನಾಲ್ಕನೇ ಅರ್ಜಿ ಕೊಟ್ಟೆ. ಡಿಪೋ ಸಾಹೇಬರು ನೋಡೋಣ ಎಂದರು.

ಅದರ ಮರುದಿನ ಮುಂಜಾನೆ ಬ್ರೇಕು ಕಟ್ಟಿದ ಒಂದು ಗಾಡಿ ಟ್ರಯಲ್‌ಗೆ ತಯಾರಿತ್ತು. ಹೆದ್ದಾರಿಯಲ್ಲಿ ಖಾಲಿ ಓಡಿಸಿ, ಇಳುಕಲಿನಲ್ಲಿ ಒತ್ತಿ ನೋಡಿದೆ. ಚೆನ್ನಾಗಿ ಹಿಡಿಯಿತು. ಮೋಟೆಬೆನ್ನೂರಿನ ಚಹಾ ಬಿಟ್ಟೆ. ಗಾಡಿಯನ್ನು ಕುಪ್ಪೇಲೂರಿನ ಕಡೆಗೆ ತಿರುಗಿಸಿದೆ. ಕೆಲಸ ಹೋಗಬಹುದು ಎಂಬುದು ಗೊತ್ತಿತ್ತು.

ಹಾರ್ನ್ ಕೇಳಿ ಅಕ್ಕನ ಊರೇ ಹೊರಬಂತು. ಭಾವ ಹೆಗಲ ಮೇಲಿನ ಗುದ್ದಲಿ ಇಳಿಸಿದ.

"ಇದು ರೂಟಿನ ಗಾಡೀನ?"

"ಅಲ್ಲ, ಟ್ರಯಲ್. ಲೋಡ್ ಬೇಕಾಗೇತಿ. ಹುಡುಗ್ಯಾರನ್ನ ಹತ್ತಸ್ರಿ, ಕುಪ್ಪೇಲೂರಿಗೆ ಇಳಸ್ತೇನಿ."

ಭಾವ ನನ್ನನ್ನೇ ನೋಡಿದ, ಗಾಡಿ ನೋಡಿದ, ಮನೆಯ ಕಡೆ ತಿರುಗಿ ಕೂಗಿದ. "ರೇಣವ್ವಾ, ಲಗೂ ಬಾ!"

ಅವಳು ಜಡೆಯ ರಿಬ್ಬನ್ ಬಾಯಲ್ಲಿ ಕಚ್ಚಿಕೊಂಡು ಓಡಿಬಂದಳು, ಹಿಂದೆ ಇನ್ನಷ್ಟು ಹುಡುಗಿಯರು. ಇಡೀ ಬಸ್ಸು ಖಾಲಿ ಇತ್ತು. ಆದರೂ ಬಾಗಿಲಿಗೆ ಬರುವ ಮೊದಲೇ ಅವಳು ಕಿಟಕಿಯೊಳಗೆ ಪಾಟಿಚೀಲ ಒಗೆದಳು. ಸೀಟು ಹಿಡಿದಳು!

ಹಳ್ಳ ದಾಟಿದ ಮೇಲೆ ಅವಳು ನನ್ನ ಸೀಟಿನ ಹಿಂದೆ ಬಂದು ನಿಂತಳು.

"ಮಾಮಾ, ದಿನಾ ಬರತೈತೇನ?"

"ಟ್ರಯಲ್ ಇರೂತನಕ ಬರತೈತವ್ವಾ. ಬ್ರೇಕ್ ಸರಿ ಆಗೇತೋ ಇಲ್ಲೋ ನೋಡಬೇಕಲ್ಲ."

"ಸರಿ ಆದ ಮ್ಯಾಲ?"

ದೆಹಲಿಯ ಸಾಹೇಬರಿದ್ದರೆ ಸಮಾಧಾನದಿಂದ ಏನಾದರೂ ಹೇಳುತ್ತಿದ್ದರು. ನಾನು ಗೇರು ಬದಲಿಸಿದೆ. ಮುಂದೆ ಒಂದು ಎಮ್ಮೆ ಅಡ್ಡ ಬಂತು, ಬ್ರೇಕು ಒತ್ತಿದೆ. ಗಾಡಿ ಒಂದಿಷ್ಟೂ ಎಳೆಯದೆ, ಕಿರುಗುಟ್ಟದೆ, ಒತ್ತಿದಲ್ಲೇ ನಿಂತಿತು. ಹಿಂದೆ ಹುಡುಗಿಯರು ನಗುತ್ತಿದ್ದರು. ಬ್ರೇಕಿನಲ್ಲಿ ಒಂದೇ ಒಂದು ದೋಷ ಇರಲಿಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಮೊದಲ ಸಲ, ನಾನು ಕಟ್ಟಿದ ಬ್ರೇಕು ಸರಿಯಾಗಿದೆ ಎಂಬುದಕ್ಕೆ ನನಗೆ ಹೆದರಿಕೆಯಾಯಿತು.